ಗುರುವಾರದ ಸೂಜಿ

ಯಾದಗಿರಿಯಿಂದ ಹೊರಟ ಬಸ್ಸು ಭೀಮಾ ನದಿಯನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಮೊದಲು ಶಹಾಪುರ, ಅನಂತರ ಸುರಪುರ ಎದುರಾಗುತ್ತವೆ. ಮೂರೂ ಊರುಗಳಿಗೆ ಬೆಟ್ಟವೇ ಗುರುತು. ಯಾದಗಿರಿಯಲ್ಲಿ ಊರಿನ ನೆತ್ತಿಯ ಮೇಲೆ ಹಳೆಯ ಕೋಟೆ. ಶಹಾಪುರದಲ್ಲಿ ಬುದ್ಧನು ಅಂಗಾತ ಮಲಗಿರುವಂತೆ ಕಾಣುವ ಗುಡ್ಡದ ಸಾಲು. ಸುರಪುರದಲ್ಲಿ ನಾಯಕರ ಅರಮನೆಯನ್ನೂ ಮೆಡೋಸ್ ಟೇಲರ್ ಸಾಹೇಬನ ಬಂಗಲೆಯನ್ನೂ ಹೊತ್ತುಕೊಂಡಿರುವ ಬಂಡೆಗಲ್ಲಿನ ಬೆಟ್ಟಗಳು. ಪ್ರವಾಸಿಯ ಕಣ್ಣು ಮೇಲಕ್ಕೆ ಹೋಗುವುದು ಸಹಜ. ಬೆಟ್ಟದ ಬುಡದಲ್ಲಿ, ರೈಲು ದಾರಿಯ ಮಗ್ಗುಲಲ್ಲಿ, ಹತ್ತಿಯ ಗಿರಣಿಗಳ ಹಿಂದೆ ಒತ್ತೊತ್ತಾಗಿ ಬೆಳೆದಿರುವ ಓಣಿಗಳನ್ನು ನೋಡುವವರು ಕಡಿಮೆ.

ಈ ಮೂರು ಊರುಗಳಲ್ಲಿಯೂ ಸರಕಾರಿ ಆಸ್ಪತ್ರೆಯುಂಟು. ಯಾದಗಿರಿಯಲ್ಲಿ ಜಿಲ್ಲಾ ಆಸ್ಪತ್ರೆ, 2022ರಿಂದ ವೈದ್ಯಕೀಯ ಕಾಲೇಜು ಕೂಡ. ಶಹಾಪುರ, ಸುರಪುರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳು. ಮಕ್ಕಳಿಗೆ ಹಾಕುವ ಲಸಿಕೆಗೆ ಅಲ್ಲಿ ಒಂದು ಕಾಸನ್ನೂ ಕೊಡಬೇಕಾಗಿಲ್ಲ. ದೂರವೂ ಹೆಚ್ಚಿಲ್ಲ, ಬಹುಪಾಲು ಓಣಿಗಳಿಂದ ನಡೆದೇ ಹೋಗಬಹುದು. ಹೀಗಿದ್ದೂ, ಲಸಿಕೆ ತಪ್ಪಿದ ಮಕ್ಕಳನ್ನು ಹುಡುಕಿ ಹಾಕುವುದಕ್ಕೆಂದು ಕೇಂದ್ರ ಸರಕಾರವು 2014ರ ಡಿಸೆಂಬರಿನಲ್ಲಿ ಇಂದ್ರಧನುಷ್ ಎಂಬ ಕಾರ್ಯಕ್ರಮವನ್ನು ಸಾರಿ, ಮರುವರ್ಷ ದೇಶದ 201 ಜಿಲ್ಲೆಗಳನ್ನು ಮೊದಲ ಸುತ್ತಿಗೆ ಆರಿಸಿದಾಗ, ಆ ಪಟ್ಟಿಯಲ್ಲಿ ಯಾದಗಿರಿಯ ಹೆಸರೂ ಇದ್ದಿತು. 2018ರಲ್ಲಿ ಹಿಂದುಳಿದ ಜಿಲ್ಲೆಗಳ ಉದ್ಧಾರಕ್ಕಾಗಿ ಮತ್ತೊಂದು ಪಟ್ಟಿ ಸಿದ್ಧವಾದಾಗ ಕರ್ನಾಟಕದಿಂದ ಅದರಲ್ಲಿ ಸೇರಿದುವು ಎರಡೇ: ರಾಯಚೂರು, ಯಾದಗಿರಿ.

ಆಸ್ಪತ್ರೆ ಹತ್ತಿರ, ಲಸಿಕೆ ಪುಕ್ಕಟೆ, ಆದರೂ ಕೂಸಿಗೆ ಸೂಜಿ ತಪ್ಪುತ್ತದೆ. ಇದೇಕೆ ಹೀಗೆ? 'ಜನ ಅಜ್ಞಾನಿಗಳು, ತಿಳಿವಳಿಕೆ ಸಾಲದು' ಎಂದು ಹೇಳಿಬಿಟ್ಟರೆ ಪ್ರಶ್ನೆಯು ಮುಗಿದಂತೆ ತೋರುತ್ತದೆ. ಹೇಳುವವರಿಗೆ ಅದರಿಂದ ಸಮಾಧಾನವೂ ಆಗುತ್ತದೆ. ಆದರೆ ಓಣಿಯೊಳಗೆ ಕಾಲಿಟ್ಟು ನೋಡಿದವರಿಗೆ ಬೇರೆಯೇ ಕಾರಣಗಳು ಕಾಣುತ್ತವೆ.

ತೋಳಿನಿಂದ ತೋಳಿಗೆ

ಲಸಿಕೆಯು ನಮ್ಮ ನಾಡಿಗೆ ಬಂದ ಬಗೆಯನ್ನು ಮೊದಲು ನೆನೆಯುವುದು ಒಳಿತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಸಿಡುಬಿನ ಲಸಿಕೆಯನ್ನು ಹಾಕಿದರು. ಭಾರತದಲ್ಲಿ ಅದೇ ಮೊದಲು. ಆಗ ಮಂಜಿನ ಪೆಟ್ಟಿಗೆಯಿರಲಿಲ್ಲ, ಶೀತಲ ಕೋಣೆಯಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಚ್ಚಬೇಕು, ಅಲ್ಲಿಂದ ಮತ್ತೊಂದಕ್ಕೆ. ಹೀಗೆ ಎಳೆಯ ತೋಳುಗಳ ಮೇಲೆ ಸವಾರಿ ಮಾಡುತ್ತ ಲಸಿಕೆಯು ಊರಿಂದೂರಿಗೆ ಹೋಯಿತು. ಹೊತ್ತ ಕೂಸುಗಳ ಹೆಸರನ್ನು ಬರೆದಿಟ್ಟವರು ವಿರಳ. ಅರಮನೆಯವರ ಚಿತ್ರ ಮಾತ್ರ ಉಳಿದಿದೆ: 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ವರ್ಣಚಿತ್ರವೊಂದರಲ್ಲಿ ಮೈಸೂರಿನ ರಾಣಿಯೊಬ್ಬಳು ತೋಳಿನ ಕಡೆಗೆ ಬೆರಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಗುರುತನ್ನೇ ಎಂದು ಇತಿಹಾಸಕಾರರು ಊಹಿಸಿದ್ದಾರೆ. ರಾಣಿಯು ಹಾಕಿಸಿಕೊಂಡರೆ ಪ್ರಜೆಗಳ ಅಂಜಿಕೆ ಕಳೆಯುವುದೆಂಬ ಉಪಾಯವಿರಬೇಕು. ಹಳೆಯ ಮೈಸೂರಿನ ಅಜ್ಜಿಯರ ಬಾಯಲ್ಲಿ 'ದಾಕು ಹಾಕಿಸುವುದು' ಎಂಬ ಮಾತು ಬಹುಕಾಲ ಉಳಿದಿತ್ತು.

ಆ ಕಾಲಕ್ಕೆ ಯಾದಗಿರಿಯ ಸೀಮೆ ಮೈಸೂರಿಗೆ ಸೇರಿದ್ದಲ್ಲ. 1948ರವರೆಗೆ ಅದು ನಿಜಾಮನ ಹೈದರಾಬಾದು ಸಂಸ್ಥಾನದ ಭಾಗ. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಗುಲಬರ್ಗಾ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದು, 2009ರ ಡಿಸೆಂಬರ್ 30ರಂದು ತಾನೇ ಒಂದು ಜಿಲ್ಲೆಯಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 11 ಲಕ್ಷ 74 ಸಾವಿರ. ಓದುಬರಹ ಬಲ್ಲವರು ನೂರಕ್ಕೆ ಸುಮಾರು 52, ಹೆಂಗಸರಲ್ಲಿ 41ರ ಆಸುಪಾಸು. ಇಡೀ ರಾಜ್ಯದಲ್ಲಿ ಅದೇ ಅತಿ ಕಡಿಮೆ. ಈ ಅಂಕಿಗಳನ್ನು ಮುಂದೆ ಇನ್ನೊಮ್ಮೆ ನೆನೆಯಬೇಕಾಗುತ್ತದೆ.

ಹಳ್ಳಿ ಮುಂದೆ, ಪೇಟೆ ಹಿಂದೆ

ಪೇಟೆಯವರಿಗೆ ಸವಲತ್ತು ಹೆಚ್ಚು, ಹಳ್ಳಿಯವರಿಗೆ ಕಡಿಮೆ ಎಂಬುದು ಎಲ್ಲರ ನಂಬಿಕೆ. ಲಸಿಕೆಯ ವಿಷಯದಲ್ಲಿಯೂ ಒಂದು ಕಾಲಕ್ಕೆ ಅದು ನಿಜವಾಗಿತ್ತು. 1978ರಲ್ಲಿ ಸರಕಾರವು ಮಕ್ಕಳ ಲಸಿಕೆಯ ಕಾರ್ಯಕ್ರಮವನ್ನು ಆರಂಭಿಸಿದಾಗ ಅದು ಹೆಚ್ಚಾಗಿ ಪಟ್ಟಣಗಳಲ್ಲಿಯೇ ನಡೆಯಿತು. 1985ರಲ್ಲಿ ಅದನ್ನು ದೇಶದ ಎಲ್ಲ ಮಕ್ಕಳಿಗೂ ವಿಸ್ತರಿಸುವ ಕೆಲಸ ಶುರುವಾಯಿತು. ಆಮೇಲಿನ ಕತೆ ಮಾತ್ರ ತಲೆಕೆಳಗಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತು 2015–16ರಲ್ಲಿ ನಡೆಯಿತು. ಎಲ್ಲ ಮೂಲ ಲಸಿಕೆಗಳನ್ನೂ ಪಡೆದ ಮಕ್ಕಳು ದೇಶದ ಪಟ್ಟಣಗಳಲ್ಲಿ ನೂರಕ್ಕೆ 63.9, ಹಳ್ಳಿಗಳಲ್ಲಿ 61.3 ಎಂದು ಅದು ಹೇಳಿತು. 2019–21ರ ಐದನೆಯ ಸುತ್ತಿನಲ್ಲಿ ಪಟ್ಟಣಕ್ಕೆ 75.5, ಹಳ್ಳಿಗೆ 76.8. ಇಬ್ಬರೂ ಮುಂದೆ ಹೋಗಿದ್ದಾರೆ, ಸಂತೋಷ. ಆದರೆ ಹಳ್ಳಿಯ ಕೂಸು ಪೇಟೆಯ ಕೂಸನ್ನು ಹಿಂದೆ ಹಾಕಿದೆ. ಪಟ್ಟಣದ ಸರಾಸರಿಯಲ್ಲಿ ಅನುಕೂಲಸ್ಥರ ಮಕ್ಕಳೂ ಸೇರಿದ್ದಾರೆಂಬುದನ್ನು ಮರೆಯಬಾರದು. ಅವರನ್ನು ಬದಿಗಿಟ್ಟು ಓಣಿಯ ಮಕ್ಕಳನ್ನಷ್ಟೇ ಎಣಿಸಿದರೆ ಲೆಕ್ಕವು ಇನ್ನೂ ಕೆಳಗಿಳಿಯುವುದರಲ್ಲಿ ಸಂದೇಹವಿಲ್ಲ.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಹಳ್ಳಿಗೆ ದಾದಿಯನ್ನು ಗೊತ್ತುಮಾಡುವ ಲೆಕ್ಕ ಬಹು ಹಿಂದಿನಿಂದ ಇದೆ: ಐದು ಸಾವಿರ ಜನಕ್ಕೊಂದು ಉಪಕೇಂದ್ರ, ಮೂವತ್ತು ಸಾವಿರಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂದಮೇಲೆ ಸಾವಿರ ಜನಕ್ಕೊಬ್ಬಳಂತೆ ಆಶಾ ಕಾರ್ಯಕರ್ತೆ ಬಂದಳು. ಅವಳು ಅದೇ ಊರಿನ ಸೊಸೆ. ಯಾರ ಮನೆಯಲ್ಲಿ ಬಸುರಿ, ಯಾರ ಮನೆಯಲ್ಲಿ ಬಾಣಂತಿ, ಯಾವ ಕೂಸಿಗೆ ಎಷ್ಟು ವಾರ ಎಂಬುದೆಲ್ಲ ಅವಳ ಬೆರಳ ತುದಿಯಲ್ಲಿರುತ್ತದೆ. ಪಟ್ಟಣಕ್ಕೆ ಇಂಥ ವ್ಯವಸ್ಥೆಯ ಅಗತ್ಯವೇ ಇಲ್ಲವೆಂದು ಎಲ್ಲರೂ ಭಾವಿಸಿದ್ದರು. ದೊಡ್ಡ ಆಸ್ಪತ್ರೆ ಇದೆಯಲ್ಲ, ಬೇಕಾದವರು ಬರುತ್ತಾರೆ! ನಗರ ಆರೋಗ್ಯ ಅಭಿಯಾನಕ್ಕೆ ಕೇಂದ್ರ ಮಂತ್ರಿಮಂಡಲವು ಒಪ್ಪಿಗೆ ಕೊಟ್ಟುದು 2013ರ ಮೇ 1ರಂದು. ಹಳ್ಳಿಗೂ ಪೇಟೆಗೂ ಎಂಟು ವರ್ಷಗಳ ಅಂತರ. ಆ ಎಂಟು ವರ್ಷಗಳಲ್ಲಿ ಓಣಿಗಳಲ್ಲಿ ಹುಟ್ಟಿದ ಕೂಸುಗಳ ಬಾಗಿಲನ್ನು ತಟ್ಟುವುದು ಇಂಥವರ ಕೆಲಸವೆಂದು ಯಾರ ಹೆಸರೂ ಬರೆದಿರಲಿಲ್ಲ.

ನಗರ ಅಭಿಯಾನದಲ್ಲಿ ಇನ್ನೊಂದು ಗೆರೆಯಿದೆ. ಐವತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ಊರುಗಳು, ಜಿಲ್ಲಾ ಕೇಂದ್ರಗಳು, ರಾಜಧಾನಿಗಳು ಅದರ ವ್ಯಾಪ್ತಿಗೆ ಬರತಕ್ಕವು. 2011ರ ಗಣತಿಯಲ್ಲಿ ಯಾದಗಿರಿಗೆ 74 ಸಾವಿರ ಜನ. ಶಹಾಪುರವೂ ಸುರಪುರವೂ ಐವತ್ತು ಸಾವಿರದ ಹೊಸ್ತಿಲನ್ನು ಆಗತಾನೇ ದಾಟಿದ್ದುವು. ಕೆಲವೇ ಸಾವಿರ ಜನ ಕಡಿಮೆ ಎಣಿಕೆಯಾಗಿದ್ದರೆ ಆ ಎರಡೂ ಊರುಗಳು ಗೆರೆಯ ಆಚೆಗೆ ಬೀಳುತ್ತಿದ್ದುವು. ಸಣ್ಣ ಊರುಗಳ ಪಾಡು ಸದಾ ಹೀಗೆಯೇ. ಹಳ್ಳಿಯ ಯೋಜನೆಗೆ ದೊಡ್ಡವು, ನಗರದ ಯೋಜನೆಗೆ ಸಣ್ಣವು. ಬೆಂಗಳೂರಿನ ಕೊಳೆಗೇರಿಯನ್ನು ಕುರಿತು ಬರೆಯುವವರುಂಟು, ಓದುವವರುಂಟು. ಸುರಪುರದ ಗುಡ್ಡದ ಇಳಿಜಾರಿನಲ್ಲಿಯೂ ಪಟ್ಟಣದ ಬಡತನವೊಂದಿದೆಯೆಂಬುದು ಎಷ್ಟು ಮಂದಿಗೆ ತೋಚೀತು?

ಒಂದು ಗುರುವಾರ

ಕರ್ನಾಟಕದಲ್ಲಿ ಗುರುವಾರ ಲಸಿಕೆಯ ದಿನವೆಂದು ರೂಢಿ. ಇಂಥ ಓಣಿಯ ತಾಯಿಯೊಬ್ಬಳ ಗುರುವಾರ ಹೇಗಿರಬಹುದೆಂಬುದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಗಂಡ ಗೌಂಡಿಯ ಕೈಕೆಳಗೆ ಕಲ್ಲು ಹೊರುತ್ತಾನೆ. ಅವಳು ಸುಗ್ಗಿಯ ದಿನಗಳಲ್ಲಿ ಹತ್ತಿ ಬಿಡಿಸಲು ಹೋಗುತ್ತಾಳೆ. ಮಿಕ್ಕ ದಿನ ನಾಲ್ಕು ಮನೆಗಳಲ್ಲಿ ಭಾಂಡೆ ತಿಕ್ಕುತ್ತಾಳೆ. ಹತ್ತಿಯ ಹೊಲಕ್ಕೆ ಆಳುಗಳನ್ನು ಒಯ್ಯುವ ಟಂಟಂ ಬೆಳಿಗ್ಗೆ ಏಳಕ್ಕೆಲ್ಲ ಹೊರಟುಬಿಡುತ್ತದೆ. ಆಸ್ಪತ್ರೆಯಲ್ಲಿ ಸೂಜಿ ಹಾಕುವವರು ಕುಳಿತುಕೊಳ್ಳುವ ಹೊತ್ತಿಗೆ ಅವಳು ಹೊಲದಲ್ಲಿರಬೇಕು. ಸಂಜೆ ಮರಳುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಆದುದರಿಂದ ಪುಕ್ಕಟೆ ಲಸಿಕೆಯ ಬೆಲೆ ಅವಳಿಗೆ ಒಂದು ದಿನದ ಕೂಲಿ. ಕೂಸಿಗೆ ರಾತ್ರಿ ಜ್ವರ ಬಂದರೆ ಎರಡು ದಿನದ ಕೂಲಿ. ಆರು ವಾರಕ್ಕೊಮ್ಮೆ, ಹತ್ತು ವಾರಕ್ಕೊಮ್ಮೆ, ಹದಿನಾಲ್ಕು ವಾರಕ್ಕೊಮ್ಮೆ, ಒಂಬತ್ತು ತಿಂಗಳಿಗೊಮ್ಮೆ, ಮತ್ತೆ ಹದಿನಾರು ತಿಂಗಳಾದಮೇಲೆ ಇನ್ನೊಮ್ಮೆ. ಲೆಕ್ಕ ಹಾಕಿಕೊಳ್ಳಲು ಅವಳಿಗೆ ಅಕ್ಷರ ಬೇಕಾಗಿಲ್ಲ.

ಒಂದು ಮಾತು ಇಲ್ಲಿಯೇ ಕೇಳಬಹುದು. ಗುರುವಾರ ಭಾಂಡೆ ತಿಕ್ಕುವವಳು ಕೂಸಿಗೆ ಸೂಜಿ ಹಾಕಿಸಿಕೊಂಡು ಎರಡು ತಾಸು ತಡವಾಗಿ ಬಂದರೆ ಸಂಬಳದಲ್ಲಿ ಮುರಿದುಕೊಳ್ಳದ ಮನೆಗಳು ಎಷ್ಟಿವೆ?

ಕೂಲಿ ಬಿಟ್ಟು ಅವಳು ಹೋದಳೆಂದೇ ಇಟ್ಟುಕೊಳ್ಳೋಣ. ದಡಾರ ಮತ್ತು ರುಬೆಲ್ಲಾ ಬೇನೆಗಳ ಲಸಿಕೆಯು ಪುಡಿಯಾಗಿ ಬರುತ್ತದೆ. ಒಂದು ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಇರುತ್ತದೆ. ದ್ರವ ಬೆರೆಸಿದಮೇಲೆ ನಾಲ್ಕು ಗಂಟೆಯೊಳಗೆ ಅದನ್ನು ಮುಗಿಸಬೇಕು; ಉಳಿದುದನ್ನು ಎಸೆಯಬೇಕು. ಹುಟ್ಟಿದೊಡನೆ ಕ್ಷಯಕ್ಕಾಗಿ ಹಾಕುವ ಬಿಸಿಜಿಗೂ ಇದೇ ನಿಯಮ. ಬಂದದ್ದು ಒಂದೇ ಕೂಸಾದರೆ ದಾದಿಯ ಕೈ ಹಿಂಜರಿಯುತ್ತದೆ. ನಾಳೆ ಲೆಕ್ಕ ಕೇಳುವ ಮೇಲಧಿಕಾರಿಯ ನೆನಪು ಅವಳಿಗೂ ಬರದಿರುತ್ತದೆಯೆ? 'ಇವತ್ತು ಕೂಸುಗಳು ಬಂದಿಲ್ಲ ಯವ್ವಾ, ಮುಂದಿನ ಗುರುವಾರ ಬಾ' ಎನ್ನುತ್ತಾಳೆ. ಮುಂದಿನ ಗುರುವಾರ ಆ ತಾಯಿ ಬರುವುದಿಲ್ಲ. ಎಸೆದ ನಾಲ್ಕು ಮಕ್ಕಳ ಪಾಲಿನ ಔಷಧಕ್ಕಿಂತ ಮರಳಿ ಬಾರದ ಒಂದು ಕೂಸು ಹೆಚ್ಚು ದುಬಾರಿಯೆಂಬುದನ್ನು ಲೆಕ್ಕದ ಪುಸ್ತಕಗಳು ತೋರಿಸವು.

ಔಷಧದ ಕಡೆಯಿಂದಲೂ ಕಷ್ಟಗಳಿವೆ. ಲಸಿಕೆಯನ್ನು ಕಾರ್ಖಾನೆಯಿಂದ ಕೂಸಿನ ತೊಡೆಯವರೆಗೆ 2ರಿಂದ 8 ಡಿಗ್ರಿ ತಂಪಿನಲ್ಲಿಯೇ ತರಬೇಕು. ಈ ಸೀಮೆಯ ಬೇಸಗೆಯಾದರೋ 40 ಡಿಗ್ರಿಯನ್ನು ದಾಟುವಂಥದು. ಪೋಲಿಯೋ ಹನಿಗೆ ಬಿಸಿಲು ಶತ್ರು. ಐದು ಬೇನೆಗಳಿಗೆ ಒಂದಾಗಿ ಹಾಕುವ ಪೆಂಟಾವೇಲೆಂಟ್ ಲಸಿಕೆಗೆ ಅತಿ ತಂಪೂ ಶತ್ರು; ಹೆಪ್ಪುಗಟ್ಟಿದರೆ ಕೆಟ್ಟಿತು. ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ತಿಳಿಬಣ್ಣದ ಚೌಕ ಮುದ್ರಿಸಿರುತ್ತಾರೆ. ಕಾವು ತಗುಲಿದಂತೆಲ್ಲ ಚೌಕವು ಕಪ್ಪೇರುತ್ತದೆ. ವೃತ್ತದಷ್ಟೇ ಕಪ್ಪಾಯಿತೆಂದರೆ ಆ ಸೀಸೆಯನ್ನು ಬಳಸಕೂಡದು. ಓದು ಬಾರದವರಿಗೂ ತಿಳಿಯುವ ಈ ಗುರುತು ಬಹಳ ಜಾಣತನದ್ದು. ತಾಯಂದಿರಿಗೂ ಇದನ್ನು ತೋರಿಸಿ ಹೇಳಿದರೆ ಎಷ್ಟು ಚೆನ್ನ!

ಗುಳೆ ಹೋದ ಕೂಸು

ಕೂಲಿ, ಹೊತ್ತು, ಸೀಸೆಗಳಿಗಿಂತ ದೊಡ್ಡ ತೊಡಕೊಂದಿದೆ. ಅದರ ಹೆಸರು ಗುಳೆ. ಸುಗ್ಗಿ ಮುಗಿದು ಕೈಗೆ ಕೆಲಸವಿಲ್ಲದಾದಾಗ ಈ ಮೂರು ತಾಲ್ಲೂಕುಗಳಿಂದ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಹೈದರಾಬಾದು, ಪುಣೆ, ಮುಂಬಯಿಗಳಿಗೆ ಹೊರಡುತ್ತವೆ. ಬೆಂಗಳೂರಿನ ಅಂಚಿನಲ್ಲಿ ಮೇಲೇಳುವ ಮಹಡಿಗಳ ಪಕ್ಕದ ತಗಡಿನ ಜೋಪಡಿಗಳಲ್ಲಿ ಸುರಪುರ ಶಹಾಪುರಗಳ ಕನ್ನಡವೂ ಲಂಬಾಣಿ ಮಾತೂ ಕೇಳಿಬರುತ್ತವೆ. ಗೋಡೆ ಮೇಲೇಳುವವರೆಗೆ ಅಲ್ಲಿ ವಾಸ. ಆಮೇಲೆ ಇನ್ನೊಂದು ಗೋಡೆ, ಇನ್ನೊಂದು ಬಡಾವಣೆ.

ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಮನೆಗಳಿರುತ್ತವೆ. ಜೋಪಡಿಗೆ ಮನೆಯ ನಂಬರಿಲ್ಲ. ಹೆರಿಗೆಯಾದುದು ಶಹಾಪುರದ ಆಸ್ಪತ್ರೆಯಲ್ಲಿ. ಆರನೆಯ ವಾರ ಕೂಸು ಸುರಪುರದ ತವರುಮನೆಯ ತೊಟ್ಟಿಲಲ್ಲಿದೆ. ಹದಿನಾಲ್ಕನೆಯ ವಾರಕ್ಕೆ ಅದು ಬೆಂಗಳೂರಿನ ಮರಳು ರಾಶಿಯ ಮೇಲೆ ಆಡುತ್ತಿದೆ. ಶಹಾಪುರದವಳು 'ತವರಿಗೆ ಹೋದಳು' ಎಂದು ಬರೆಯುತ್ತಾಳೆ. ಸುರಪುರದವಳು 'ಗಂಡನ ಮನೆಯ ಕಡೆಯವಳು' ಎನ್ನುತ್ತಾಳೆ. ಬೆಂಗಳೂರಿನವಳಿಗೆ ಆ ಜೋಪಡಿ ತನ್ನ ವಾರ್ಡಿನಲ್ಲಿ ಮೊನ್ನೆ ಎದ್ದದ್ದೆಂಬುದೇ ತಿಳಿದಿಲ್ಲ. ಯಾರೂ ತಪ್ಪು ಮಾಡಲಿಲ್ಲ. ಮೂರು ಪುಸ್ತಕಗಳ ನಡುವೆ ಕೂಸು ಮಾತ್ರ ಜಾರಿಹೋಯಿತು. ತವರಿಗೆ ಹೋಗಿ ಹೆರುವುದು ನಮ್ಮಲ್ಲಿ ಎಲ್ಲ ಜಾತಿ ಅಂತಸ್ತುಗಳವರಿಗೂ ಇರುವ ಪದ್ಧತಿ. ಅನುಕೂಲಸ್ಥರ ಮನೆಯಲ್ಲಿ ಅದು ಲಸಿಕೆಯನ್ನು ತಪ್ಪಿಸುವುದಿಲ್ಲ, ಏಕೆಂದರೆ ಅವರು ಯಾರ ಪುಸ್ತಕವನ್ನೂ ಕಾಯುವುದಿಲ್ಲ.

ಇದಕ್ಕೆಲ್ಲ ಇರುವ ಒಂದೇ ಕೊಂಡಿ ತಾಯಿ ಕಾರ್ಡು. ಬಸುರಿಯ ಹೆಸರನ್ನು ಬರೆದುಕೊಂಡಾಗಲೇ ಕೊಡುವ ಆ ಮಡಿಕೆ ಕಾಗದದಲ್ಲಿ ಕೂಸಿಗೆ ಯಾವ ಸೂಜಿ ಎಂದು ಬಿದ್ದಿತು, ಮುಂದಿನದು ಎಂದು ಎಂಬ ವಿವರವೆಲ್ಲ ಇರುತ್ತದೆ. ಯಾವ ಊರಿನ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿದರೂ ಲಸಿಕೆ ಹಾಕಬೇಕು. ಆದರೆ ಹೆಂಚಿಲ್ಲದ ಜೋಪಡಿಯಲ್ಲಿ, ಮಳೆಗಾಲದಲ್ಲಿ, ಕಾಗದವೊಂದು ಎಷ್ಟು ದಿನ ಉಳಿದೀತು? 2023ರಿಂದ ಯುವಿನ್ ಎಂಬ ಹೊಸ ವ್ಯವಸ್ಥೆಯನ್ನು ಕೆಲವು ಜಿಲ್ಲೆಗಳಲ್ಲಿ ಪರೀಕ್ಷಿಸಿ ದೇಶಕ್ಕೆಲ್ಲ ಹರಡಿದ್ದಾರೆ. ಕೂಸಿನ ಲೆಕ್ಕವು ಗಣಕಯಂತ್ರದಲ್ಲಿ ಇರುವುದರಿಂದ ಎಲ್ಲಿಯಾದರೂ ನೋಡಿ ಹಾಕಬಹುದು. ಗುಳೆ ಹೋಗುವವರಿಗೆ ಇದಕ್ಕಿಂತ ತಕ್ಕ ಉಪಾಯವಿಲ್ಲ, ಒಂದು ಸಣ್ಣ ಅನುಮಾನವನ್ನು ಬಿಟ್ಟರೆ. ಲೆಕ್ಕಕ್ಕೆ ಬೀಗದಕೈ ಮೊಬೈಲ್ ನಂಬರು. ಗುಳೆಯವರ ಮನೆಗೆ ಇರುವುದು ಒಂದೇ ಫೋನು, ಅದು ಗಂಡನ ಜೇಬಿನಲ್ಲಿ. ಊರು ಬದಲಾದಾಗ ಸಿಮ್ಮೂ ಬದಲಾಗುವುದುಂಟು.

ಫೋನಿಲ್ಲದವರ ಸರದಿ

ಈ ಅನುಮಾನಕ್ಕೆ ಆಧಾರವಿಲ್ಲದೆ ಇಲ್ಲ. ಕೊರೋನಾ ಲಸಿಕೆಯು 2021ರ ಜನವರಿ 16ರಂದು ಆರಂಭವಾಯಿತು. ಮೇ 1ರಿಂದ 18 ವರ್ಷ ತುಂಬಿದವರಿಗೂ ಬಾಗಿಲು ತೆರೆಯಿತು. ಆದರೆ 44 ವರ್ಷದೊಳಗಿನವರು ಮೊದಲು ಅಂತರ್ಜಾಲದಲ್ಲಿ ಹೆಸರು ಬರೆಸಿ ಹೊತ್ತನ್ನು ಕಾದಿರಿಸಬೇಕು. ಆ ಪುಟವು ಮೊದಮೊದಲು ಇಂಗ್ಲಿಷಿನಲ್ಲಿತ್ತು. ಕನ್ನಡ ಮೊದಲಾದ ಭಾಷೆಗಳು ಸೇರಿದುದು ಜೂನ್ ತಿಂಗಳಲ್ಲಿ. ಬೆರಳು ಚುರುಕಾಗಿರುವ ಪೇಟೆಯ ಯುವಕರು ದೂರದ ಊರಿನ ಆಸ್ಪತ್ರೆಯಲ್ಲಿ ಜಾಗ ಹಿಡಿದು ಕಾರಿನಲ್ಲಿ ಹೋಗಿ ಹಾಕಿಸಿಕೊಂಡು ಬಂದರು. ಆ ಊರಿನವರೇ ಆಸ್ಪತ್ರೆಯ ಮುಂದೆ ನಿಂತು ನೋಡಿದರು. ಅಕ್ಷರವೇ ಅರ್ಧ ಜನಕ್ಕೆ ಬಾರದ ಜಿಲ್ಲೆಯಲ್ಲಿ ಇಂಥ ಬಾಗಿಲು ಯಾರಿಗೆ ತೆರೆದೀತು? ಆ ಮೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಇದೇ ಪ್ರಶ್ನೆಯನ್ನು ಸರಕಾರಕ್ಕೆ ಹಾಕಿತು. ಜೂನ್ 21ರಿಂದ 18 ವರ್ಷ ದಾಟಿದ ಎಲ್ಲರಿಗೂ ಉಚಿತ. ಬಂದಲ್ಲಿಯೇ ಹೆಸರು ಬರೆಸಬಹುದೆಂದಾಯಿತು. ನವೆಂಬರಿನಲ್ಲಿ ದಾದಿಯರು ಮನೆಯ ಬಾಗಿಲನ್ನೇ ತಟ್ಟತೊಡಗಿದರು. ಮೊದಲು ಮಾಡಬೇಕಾದುದನ್ನು ಕೊನೆಗೆ ಮಾಡಿದಂತಾಯಿತು ಎನ್ನದೆ ವಿಧಿಯಿಲ್ಲ.

ಅಂಜಿಕೆಯೂ ಇದ್ದಿತು, ಇಲ್ಲವೆನ್ನಲಾಗದು. ಸೂಜಿ ಹಾಕಿಸಿಕೊಂಡರೆ ಸಾಯುತ್ತಾರೆ, ಮಕ್ಕಳಾಗುವುದಿಲ್ಲ ಎಂಬ ಗಾಳಿಮಾತುಗಳು ದೇಶದ ಎಲ್ಲ ಮೂಲೆಗಳಲ್ಲಿಯೂ ಹಬ್ಬಿದ್ದುವು. ಗಾಳಿಮಾತು ಬಡವರ ಸೊತ್ತೇನೂ ಅಲ್ಲ. ಪದವೀಧರರ ಫೋನಿನಿಂದ ಫೋನಿಗೆ ಹಾರಿದುದೇ ಹೆಚ್ಚು. ಓಣಿಯವರ ಅಂಜಿಕೆಗೆ ಒಂದು ನೆಲೆಯಾದರೂ ಇದೆ. ಪೆಂಟಾವೇಲೆಂಟ್ ಸೂಜಿ ಬಿದ್ದ ರಾತ್ರಿ ಅನೇಕ ಕೂಸುಗಳಿಗೆ ಮೈ ಬಿಸಿಯಾಗುತ್ತದೆ, ತೊಡೆ ಬಾತುಕೊಳ್ಳುತ್ತದೆ. ಒಂದೆರಡು ದಿನದಲ್ಲಿ ತಾನಾಗಿ ಇಳಿಯುವ ಜ್ವರವದು. ಅದನ್ನು ಮುಂಚಿತವಾಗಿ ಹೇಳಿ, ಎಷ್ಟು ಔಷಧ ಕೊಡಬೇಕೆಂದು ತಿಳಿಸಿ, ಮರುದಿನ ಒಮ್ಮೆ ಬಂದು ನೋಡಿ ಹೋದರೆ ತಾಯಿ ಧೈರ್ಯವಾಗಿರುತ್ತಾಳೆ. ಹೇಳದೆ ಕಳಿಸಿದರೆ 'ಸುಖವಾಗಿದ್ದ ಕೂಸಿಗೆ ಸೂಜಿ ಹಾಕಿ ಜಡ್ಡು ತಂದರು' ಎನ್ನುತ್ತಾಳೆ. ಆ ಮಾತು ನಳದ ಕಟ್ಟೆಯ ಬಳಿ ಹತ್ತು ತಾಯಂದಿರಿಗೆ ತಿಳಿಯುತ್ತದೆ.

ಭಾಷೆಯ ಮಾತೂ ಇದರೊಳಗೆ ಸೇರಿದೆ. ಈ ಓಣಿಗಳಲ್ಲಿ ಮನೆಮಾತು ಕನ್ನಡವೊಂದೇ ಅಲ್ಲ. ಉರ್ದು, ಲಂಬಾಣಿ, ತೆಲುಗು ಎಲ್ಲ ಇವೆ. ಆಸ್ಪತ್ರೆಯ ಗೋಡೆಯ ಮೇಲೆ ಅಂದವಾದ ಕನ್ನಡದಲ್ಲಿ 'ದಡಾರ' ಎಂದು ಬರೆದಿರುತ್ತದೆ. ಈ ಕಡೆಯ ಅಜ್ಜಿ ಆ ಬೇನೆಯನ್ನು 'ಗೊಬ್ಬರ' ಎನ್ನುತ್ತಾಳೆ. ನೂರು ಹೆಂಗಸರಲ್ಲಿ ನಲವತ್ತೊಂದು ಮಂದಿ ಮಾತ್ರ ಓದಬಲ್ಲ ಜಿಲ್ಲೆಯಲ್ಲಿ ಗೋಡೆಬರಹಕ್ಕೆ ಸುರಿಯುವ ಹಣದಲ್ಲಿ ಅರ್ಧವನ್ನು ಓಣಿಯ ಮಾತಾಡಬಲ್ಲ ಒಬ್ಬ ಹೆಂಗಸಿಗೆ ಕೊಟ್ಟರೆ ಕೆಲಸ ಹೆಚ್ಚಾಗುತ್ತದೆ.

ದಡಾರವನ್ನು ಹಗುರವಾಗಿ ಎಣಿಸಬಾರದು. ಅಂಟುವುದರಲ್ಲಿ ಅದನ್ನು ಮೀರಿಸುವ ಬೇನೆ ಕಡಿಮೆ. ರಕ್ಷಣೆಯಿಲ್ಲದವರ ನಡುವೆ ಒಂದು ಕೂಸಿನಿಂದ ಹನ್ನೆರಡು ಹದಿನೆಂಟು ಜನಕ್ಕೆ ತಗುಲಬಲ್ಲುದು. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆ, ಎದೆಗೂಡು ಕಾಣುವ ಮಗು ಎರಡೂ ಕೂಡಿದರೆ ನ್ಯುಮೋನಿಯಾ ಬರಲು ತಡವಾಗದು. ಊರಿನ ನೂರು ಮಕ್ಕಳಲ್ಲಿ ತೊಂಬತ್ತೈದು ಮಕ್ಕಳಿಗೆ ಎರಡು ಸಲ ಲಸಿಕೆ ಬಿದ್ದಿದ್ದರೆ ಮಾತ್ರ ಅದು ಹಬ್ಬದೆ ನಿಲ್ಲುತ್ತದೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಒಂದೂವರೆ ಕೋಟಿಗೂ ಹೆಚ್ಚು ಮಕ್ಕಳಿಗೆ ದಡಾರ ರುಬೆಲ್ಲಾ ಲಸಿಕೆ ಹಾಕಲು ಶಾಲೆಗಳನ್ನೇ ಹಿಡಿದುದು ಇದಕ್ಕಾಗಿ. ಶಾಲೆಗೆ ಬಂದವರಿಗೆ ಬಿದ್ದಿತು. ಹತ್ತಿಯ ಹೊಲಕ್ಕೆ ತಾಯಿಯೊಡನೆ ಹೋದವರನ್ನು ಹುಡುಕಬೇಕಾಯಿತು.

ಬಾಗಿಲ ಮೇಲಿನ ಸೀಮೆಸುಣ್ಣ

ಹುಡುಕುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಸಿಡುಬಿಗೆ ಎಷ್ಟು ಕೋಟಿ ಜನರಿಗೆ ಲಸಿಕೆ ಹಾಕಿದರೂ ಬೇನೆ ಹೋಗಿರಲಿಲ್ಲ. 1973ರಿಂದ ಮನೆಮನೆಗೂ ಹೋಗಿ ರೋಗಿ ಇದ್ದಾನೆಯೇ ಎಂದು ಕೇಳಿ, ಸಿಕ್ಕಲ್ಲಿ ಸುತ್ತಲಿನವರಿಗೆಲ್ಲ ಲಸಿಕೆ ಹಾಕುವ ಕ್ರಮ ಬಂತು. 1975ರ ಮೇ ತಿಂಗಳು ಕೊನೆಯ ರೋಗಿಯನ್ನು ಕಂಡಿತು. ಪೋಲಿಯೋದ ಕತೆ ಇನ್ನೂ ಹತ್ತಿರದ್ದು. 1995ರಲ್ಲಿ ದೇಶವ್ಯಾಪಿ ಪಲ್ಸ್ ಪೋಲಿಯೋ ಆರಂಭವಾದಾಗ ತಾಯಂದಿರು ಕೂಸನ್ನು ಎತ್ತಿಕೊಂಡು ಬೂತಿಗೆ ಬರಬೇಕಿತ್ತು. ಬಾರದವರು ಉಳಿದರು, ಬೇನೆಯೂ ಉಳಿಯಿತು. ಆಮೇಲೆ ಕಾರ್ಯಕರ್ತರು ಮನೆಗೇ ಹೋದರು. ಹನಿ ಹಾಕಿದ ಕೂಸಿನ ಎಡಗೈಯ ಕಿರುಬೆರಳಿಗೆ ಶಾಯಿ. ಮನೆಯ ಗೋಡೆಗೆ ಸೀಮೆಸುಣ್ಣದ ಗುರುತು. ಒಂದು ಕೂಸಾದರೂ ಉಳಿದಿದ್ದರೆ ಗೋಡೆಯ ಮೇಲೆ ಅಡ್ಡಗೆರೆಗಳ ಬೇರೆ ಗುರುತು. ಆ ಗುರುತು ಅಳಿಯುವವರೆಗೆ ಮತ್ತೆ ಬರಬೇಕು. ರೈಲು ನಿಲ್ದಾಣ, ಬಸ್ ನಿಲ್ದಾಣ, ಇಟ್ಟಿಗೆ ಗೂಡು, ಕಟ್ಟಡದ ಕೆಲಸ ನಡೆಯುವ ಜಾಗ, ಎಲ್ಲಿ ಕೂಸು ಕಂಡರೂ ಹನಿ. 2011ರ ಜನವರಿ 13ರಂದು ಹೌರಾದ ಹೆಣ್ಣುಮಗುವೊಂದಕ್ಕೆ ಬಂದ ಪೋಲಿಯೋ ಭಾರತದ ಕೊನೆಯದು. 2014ರ ಮಾರ್ಚ್ 27ರಂದು ದೇಶವು ಪೋಲಿಯೋದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಅಲ್ಲಿ ಗೆದ್ದುದು ಪ್ರಶ್ನೆಯನ್ನು ತಿರುಗಿಸಿ ಕೇಳಿದುದರಿಂದ. 'ತಾಯಿ ಏಕೆ ಬರಲಿಲ್ಲ' ಎಂದು ಕೇಳುವುದನ್ನು ಬಿಟ್ಟು 'ನಾವು ಯಾವ ಮನೆಗೆ ಹೋಗಲಿಲ್ಲ' ಎಂದು ಕೇಳಿದರು. ಯಾದಗಿರಿ, ಶಹಾಪುರ, ಸುರಪುರಗಳ ಓಣಿಗಳಿಗೆ ಬೇಕಾಗಿರುವುದೂ ಈ ಪ್ರಶ್ನೆಯೇ. ಹನಿ ಹಾಕುವಷ್ಟು ಸುಲಭವಾಗಿ ಸೂಜಿಯನ್ನು ಮನೆಮನೆಗೆ ಒಯ್ಯಲಾಗದು, ನಿಜ. ತರಬೇತಿಯಾದ ಕೈ ಬೇಕು, ತಂಪಿನ ಪೆಟ್ಟಿಗೆ ಬೇಕು. ಆದರೆ ಓಣಿಯ ಅಂಗನವಾಡಿಯಲ್ಲಿ ಸಂಜೆ ಐದರಿಂದ ಎಂಟರವರೆಗೆ ಕುಳಿತುಕೊಳ್ಳಲು ಏನು ಅಡ್ಡಿ? ನಗರ ಆರೋಗ್ಯ ಅಭಿಯಾನದ ಚೌಕಟ್ಟಿನಲ್ಲಿಯೇ ಸಂಜೆಯ ಹೊತ್ತು ರೋಗಿಗಳನ್ನು ನೋಡಬೇಕೆಂಬ ಮಾತಿದೆ. 2022ರ ಡಿಸೆಂಬರಿನಿಂದ ರಾಜ್ಯ ಸರಕಾರವು ಹತ್ತಿಪ್ಪತ್ತು ಸಾವಿರ ಜನಕ್ಕೊಂದರಂತೆ ನಮ್ಮ ಕ್ಲಿನಿಕ್ಕುಗಳನ್ನು ಪಟ್ಟಣಗಳಲ್ಲಿ ತೆರೆಯುತ್ತ ಬಂದಿದೆ. ಓಣಿಯ ಹತ್ತಿರ ಆಸ್ಪತ್ರೆ ತಂದುದು ದೊಡ್ಡ ಕೆಲಸವೇ; ಓಣಿಯವರು ಮನೆಯಲ್ಲಿರುವ ಹೊತ್ತಿಗೆ ಅದರ ಬಾಗಿಲು ತೆರೆದಿರುವುದು ಅದರ ಇನ್ನರ್ಧ.

ಆಶಾ ಕಾರ್ಯಕರ್ತೆಯ ಪಾಡನ್ನೂ ಹೇಳದಿದ್ದರೆ ಅನ್ಯಾಯವಾದೀತು. ಒಂದು ಕೂಸಿಗೆ ಮೊದಲ ವರ್ಷದ ಎಲ್ಲ ಲಸಿಕೆಯನ್ನೂ ಹಾಕಿಸಿ ಮುಗಿಸಿದರೆ ಕೇಂದ್ರದ ನಿಯಮದಂತೆ ಅವಳಿಗೆ ಸಲ್ಲುತ್ತ ಬಂದುದು ನೂರು ರೂಪಾಯಿ. ನೆಲೆ ನಿಂತ ಮನೆಯ ಕೂಸಿಗೂ ನೂರು, ನಾಲ್ಕು ಜೋಪಡಿ ಬದಲಿಸಿದ ಕೂಸಿಗೂ ನೂರು. ಕಷ್ಟದ ಕೂಸನ್ನು ಹುಡುಕಿಕೊಂಡು ಹೋಗುವವಳಿಗೆ ಆಟೋದ ಬಾಡಿಗೆಯೂ ಹುಟ್ಟದಿದ್ದರೆ ಅವಳು ಸುಲಭದ ಮನೆಗಳಿಗೇ ಹೋದಾಳು. ತಪ್ಪು ಅವಳದೆನ್ನಲಾದೀತೆ?

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಗುಳೆ ಹೋದವರು ಬಿತ್ತನೆಗೆಂದು ಊರಿಗೆ ಮರಳತೊಡಗುತ್ತಾರೆ. ಮೂರು ಊರುಗಳಲ್ಲಿ ರೈಲು ಬರುವುದು ಯಾದಗಿರಿಗೆ ಮಾತ್ರ. ಶಹಾಪುರ, ಸುರಪುರಗಳಿಗೆ ಹೋಗುವವರು ಅಲ್ಲಿ ಇಳಿದು ಬಸ್ಸಿಗೆ ಕಾಯುತ್ತಾರೆ, ಇಲ್ಲವೆ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಿನ ಜಾವ ಇಳಿಯುತ್ತಾರೆ. ತಲೆಯ ಮೇಲೆ ಗಂಟು, ಬಗಲಲ್ಲಿ ಕೂಸು. ಆ ಮೂರು ನಾಲ್ಕು ವಾರ ಯಾದಗಿರಿಯ ರೈಲು ನಿಲ್ದಾಣದ ಹೊರಗೂ ಮೂರು ಬಸ್ ನಿಲ್ದಾಣಗಳಲ್ಲಿಯೂ ಒಂದೊಂದು ಮೇಜು, ಒಂದು ತಂಪಿನ ಪೆಟ್ಟಿಗೆ, ಕನ್ನಡವೂ ಲಂಬಾಣಿಯೂ ಉರ್ದುವೂ ಬಲ್ಲ ಇಬ್ಬರು ದಾದಿಯರು ಇದ್ದರೆ ಸಾಕು. ತಾಯಿ ಕಾರ್ಡು ಇದ್ದವರು ತೋರಿಸಲಿ. ಕಳೆದುಕೊಂಡವರಿಗೆ ಹೊಸದನ್ನು ಬರೆದುಕೊಡಲಿ. ಬಸ್ಸು ಬರಲು ಹೇಗೂ ಅರ್ಧ ಗಂಟೆಯಿದೆ. ಸೂಜಿ ಬಿದ್ದ ಕೂಸನ್ನು ಕುಳ್ಳಿರಿಸಿಕೊಂಡು ನೋಡಬೇಕಾದ ಹೊತ್ತೂ ಅಷ್ಟೇ.